ವಿಮಾನದಲ್ಲಿ ವೈ-ಫೈ ಬಂತು, ಫೋನ್ ಕಾಲ್ ಯಾಕೆ ಬರಲಿಲ್ಲ?

2025ರ ಜನವರಿ 1ರಿಂದ ಏರ್ ಇಂಡಿಯಾ ತನ್ನ ಕೆಲವು ದೇಶೀಯ ವಿಮಾನಗಳಲ್ಲಿ ವೈ-ಫೈ ಕೊಡಲು ಶುರು ಮಾಡಿತು. ಅಲ್ಲಿಂದ ಒಂದು ಹಳೇ ಪ್ರಶ್ನೆಗೆ ಮತ್ತೆ ಜೀವ ಬಂದಿದೆ. ಮೂವತ್ತೈದು ಸಾವಿರ ಅಡಿ ಮೇಲೆ ಕೂತು ವಾಟ್ಸಾಪ್ ಮೆಸೇಜ್ ಕಳಿಸಬಹುದು, ಇಮೇಲ್ ನೋಡಬಹುದು, ಕ್ರಿಕೆಟ್ ಸ್ಕೋರ್ ತಿಳಿಯಬಹುದು. ಹಾಗಿದ್ದ ಮೇಲೆ ಮನೆಗೊಂದು ಫೋನ್ ಮಾಡಿದರೆ ಏನಾಗುತ್ತದೆ? ವಿಮಾನ ಬಿದ್ದುಹೋಗುತ್ತಾ?

ಬೀಳಲ್ಲ. ಆದರೆ ವಿಷಯ ಅಷ್ಟಕ್ಕೇ ಮುಗಿಯುವುದೂ ಇಲ್ಲ. ವಿಮಾನದಲ್ಲಿ ಕಾಲ್ ಬೇಡ ಅನ್ನುವುದರ ಹಿಂದೆ ಮೂರು ಬೇರೆ ಬೇರೆ ತಕರಾರುಗಳಿವೆ. ಒಂದು ವಿಮಾನದ್ದು, ಒಂದು ಕೆಳಗಿರುವ ಟವರ್‌ಗಳದ್ದು, ಇನ್ನೊಂದು ಪಕ್ಕದ ಸೀಟಿನವರದ್ದು. ಈ ಮೂರನ್ನೂ ಕಲಸಿಬಿಟ್ಟಿರುವುದರಿಂದಲೇ ಗೊಂದಲ ಜಾಸ್ತಿ. ಒಂದೊಂದಾಗಿ ಬಿಡಿಸಿ ನೋಡೋಣ.

ಫ್ಲೈಟ್ ಮೋಡ್ ಏನನ್ನು ಆಫ್ ಮಾಡುತ್ತದೆ?

ನಮ್ಮ ಫೋನಿನೊಳಗೆ ಒಂದಲ್ಲ, ನಾಲ್ಕೈದು ರೇಡಿಯೋಗಳಿವೆ. ಟವರ್ ಜೊತೆ ಮಾತಾಡುವುದು ಒಂದು, ವೈ-ಫೈಗೆ ಒಂದು, ಬ್ಲೂಟೂತ್‌ಗೆ ಒಂದು, ಜಿಪಿಎಸ್‌ಗೆ ಇನ್ನೊಂದು. ಜಿಪಿಎಸ್ ಬರೀ ಕೇಳಿಸಿಕೊಳ್ಳುತ್ತದೆ, ಏನನ್ನೂ ಹೊರಗೆ ಕಳಿಸುವುದಿಲ್ಲ. ವೈ-ಫೈ ಮತ್ತು ಬ್ಲೂಟೂತ್‌ನ ಸಿಗ್ನಲ್ ಬಹಳ ಸಣ್ಣದು, ಹತ್ತಿರದಲ್ಲೇ ಮುಗಿದುಹೋಗುತ್ತದೆ. ಜೋರಾಗಿ ಕಳಿಸುವುದು ಟವರ್ ರೇಡಿಯೋ. ಫ್ಲೈಟ್ ಮೋಡ್ ಮುಖ್ಯವಾಗಿ ಇದನ್ನೇ ಆಫ್ ಮಾಡುತ್ತದೆ. ಆಮೇಲೆ ಬೇಕಿದ್ದರೆ ವೈ-ಫೈ, ಬ್ಲೂಟೂತ್ ಮಾತ್ರ ಮತ್ತೆ ಆನ್ ಮಾಡಿಕೊಳ್ಳಬಹುದು.

ಇಲ್ಲಿ ಬಹಳ ಜನ ಒಂದು ತಪ್ಪು ತಿಳಿದಿದ್ದಾರೆ. "ನಾನು ಕಾಲ್ ಮಾಡುತ್ತಿಲ್ಲವಲ್ಲ, ಫೋನ್ ಸುಮ್ನೆ ಜೇಬಿನಲ್ಲಿದೆ" ಎನ್ನುತ್ತಾರೆ. ಜೇಬಿನಲ್ಲಿದ್ದರೂ ಫೋನ್ ಸುಮ್ಮನಿರುವುದಿಲ್ಲ. ಆಗಾಗ ಟವರ್‌ಗೆ "ನಾನು ಇಲ್ಲಿದ್ದೇನೆ" ಎಂದು ತಿಳಿಸುತ್ತಲೇ ಇರುತ್ತದೆ. ಟವರ್ ಸಿಗದಿದ್ದರೆ ಹುಡುಕುತ್ತಲೇ ಇರುತ್ತದೆ. ಫ್ಲೈಟ್ ಮೋಡ್ ಹಾಕದೆ ಮಲಗಿದವರ ಬ್ಯಾಟರಿ, ವಿಮಾನ ಇಳಿಯುವಷ್ಟರಲ್ಲಿ ಬೇಗ ಖಾಲಿಯಾಗಿರುವುದು ಇದಕ್ಕೇ.

ಎಷ್ಟು ಜೋರು ಅನ್ನುವುದು ಟವರ್ ಎಷ್ಟು ದೂರ ಇದೆ ಅನ್ನುವುದರ ಮೇಲೆ ನಿಂತಿದೆ. ಗದ್ದೆಯ ಆಚೆ ಬದುವಿನಲ್ಲಿ ಇರುವವರನ್ನು ಕರೆಯಬೇಕಾದರೆ ಗಂಟಲು ಹರಿಯುವ ಹಾಗೆ ಕೂಗಬೇಕು, ಪಕ್ಕದಲ್ಲೇ ಕೂತವರಿಗೆ ಮೆಲ್ಲಗೆ ಹೇಳಿದರೆ ಸಾಕು. ಫೋನ್ ಕೂಡ ಹಾಗೇ. ಟವರ್ ಹತ್ತಿರ ಇದ್ದರೆ ಪಿಸುಗುಟ್ಟುತ್ತದೆ, ದೂರ ಇದ್ದರೆ ಕೂಗುತ್ತದೆ. ಹಳೇ 2ಜಿ ಫೋನುಗಳು ಕೂಗಿದರೆ 2 ವ್ಯಾಟ್‌ವರೆಗೂ ಹೋಗುತ್ತಿದ್ದವು. ಈಗಿನ 4ಜಿ ಫೋನಿನ ಗರಿಷ್ಠ ಸಾಮಾನ್ಯವಾಗಿ 0.2 ವ್ಯಾಟ್. ಈ ಪಿಸುಮಾತು ಮತ್ತು ಕೂಗಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಮೆರಿಕದ ನಿಷೇಧ ಬಂದಿದ್ದು ಟವರ್‌ಗಳ ಸಲುವಾಗಿ

1991ರಲ್ಲಿ ಅಮೆರಿಕ ಹಾರುತ್ತಿರುವ ವಿಮಾನದಲ್ಲಿ ಮೊಬೈಲ್ ಬಳಕೆ ನಿಷೇಧಿಸಿತು. ವಿಶೇಷ ಏನೆಂದರೆ, ಈ ನಿಷೇಧ ತಂದಿದ್ದು ವಿಮಾನಯಾನದ ಇಲಾಖೆ ಅಲ್ಲ. ತಂದಿದ್ದು ಎಫ್‌ಸಿಸಿ, ಅಂದರೆ ಅಲ್ಲಿನ ದೂರಸಂಪರ್ಕ ಆಯೋಗ. ಅವರ ಚಿಂತೆ ವಿಮಾನ ಬೀಳುತ್ತದೆ ಎಂಬುದಾಗಿರಲಿಲ್ಲ, ನೆಲದ ಮೇಲಿನ ಫೋನುಗಳು ಕೆಡುತ್ತವೆ ಎಂಬುದಾಗಿತ್ತು.

ಯಾಕೆ ಕೆಡಬೇಕು? ಮೊಬೈಲ್ ಕಂಪನಿಗಳಿಗೆ ಸಿಗುವ ತರಂಗಾಂತರ ಸ್ವಲ್ಪವೇ. ಅದನ್ನೇ ಊರಿನ ತುಂಬ ಮತ್ತೆ ಮತ್ತೆ ಬಳಸಿಕೊಳ್ಳಬೇಕು. ಜಯನಗರದ ಟವರ್ ಬಳಸುವ ತರಂಗಾಂತರವನ್ನೇ ಯಲಹಂಕದ ಟವರ್ ಕೂಡ ಬಳಸುತ್ತದೆ. ನಡುವೆ ಕಟ್ಟಡ, ಮರ, ದಿಬ್ಬ, ದೂರ ಎಲ್ಲಾ ಇರುವುದರಿಂದ ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ, ಎಲ್ಲ ಸುಸೂತ್ರ.

ಈಗ ಅದೇ ಫೋನನ್ನು 35,000 ಅಡಿ ಮೇಲೆ, ಅಂದರೆ ಸುಮಾರು ಹತ್ತೂವರೆ ಕಿಲೋಮೀಟರ್ ಎತ್ತರಕ್ಕೆ ತೆಗೆದುಕೊಂಡು ಹೋಗಿ. ಅಲ್ಲಿ ಕಟ್ಟಡವೂ ಇಲ್ಲ, ಗುಡ್ಡವೂ ಇಲ್ಲ. ಭೂಮಿಯ ಬಾಗು ಲೆಕ್ಕ ಹಾಕಿದರೆ ಅಷ್ಟು ಎತ್ತರದಿಂದ ಸುತ್ತಲೂ 360 ಕಿಲೋಮೀಟರಿಗೂ ಹೆಚ್ಚು ದೂರ ಯಾವ ಅಡ್ಡಿಯೂ ಇಲ್ಲದ ನೇರ ದಾರಿ. ಬೆಂಗಳೂರಿನ ಮೇಲೆ ಇದ್ದರೆ ಮೈಸೂರು, ಹಾಸನ, ಚೆನ್ನೈ ಎಲ್ಲಾ ಆ ವೃತ್ತದೊಳಗೇ ಬರುತ್ತವೆ. ಅಷ್ಟೂ ದೂರದ ಟವರ್ ಫೋನಿಗೆ ಸಿಗುತ್ತದೆ ಎಂದಲ್ಲ. ಆದರೆ ಒಂದು ಟವರ್‌ಗೆ ಕೇಳಬೇಕಾದ ಕೂಗು ಒಟ್ಟಿಗೆ ಹತ್ತಾರು ಟವರ್‌ಗಳ ಕಿವಿಗೆ ಬೀಳುತ್ತದೆ, ಕೆಳಗೆ ಮಾತಾಡುತ್ತಿರುವವರ ಸಿಗ್ನಲ್ ಮೇಲೆ ಗದ್ದಲವಾಗಿ ಕೂರುತ್ತದೆ.

ಇದರ ಜೊತೆಗೆ ವೇಗ. ಗಂಟೆಗೆ 850 ಕಿಮೀ ಅಂದರೆ ನಿಮಿಷಕ್ಕೆ 14 ಕಿಮೀ. ಬೆಂಗಳೂರಿನಿಂದ ಮೈಸೂರಿಗೆ ಸುಮಾರು ಹತ್ತು ನಿಮಿಷ. ಕಾರಿನಲ್ಲಿ ಹೋಗುವಾಗ ಒಂದು ಟವರ್ ನಿಮ್ಮನ್ನು ಮುಂದಿನ ಟವರ್‌ಗೆ ದಾಟಿಸುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ವಿಮಾನದ ವೇಗಕ್ಕೆ ಈ ದಾಟಿಸುವ ಕೆಲಸ ಎಡವುತ್ತದೆ. ಸಾಲದ್ದಕ್ಕೆ ಟವರ್‌ಗಳ ಆಂಟೆನಾ ನೋಡುವುದು ಕೆಳಗೆ, ಜನರ ಕಡೆಗೆ. ನಮ್ಮ ಫೋನಿಗೆ ಸಿಗುವ ಸಾಮಾನ್ಯ ಟವರ್‌ಗಳು ಆಕಾಶಕ್ಕೆ ಮುಖ ಮಾಡಿರುವುದಿಲ್ಲ. ಹಾಗಾಗಿ ಕದ್ದು ಫೋನ್ ಆನ್ ಮಾಡಿದರೂ ಮೇಲಿನಿಂದ ಕಾಲ್ ಹೋಗುವುದು ಅಪರೂಪ. ಹೋದರೂ ಅರ್ಧಕ್ಕೇ ಕಟ್.

ವಿಮಾನದ ಉಪಕರಣಗಳಿಗೆ ನಿಜವಾಗಲೂ ತೊಂದರೆ ಇದೆಯಾ?

ಹಳೇ ನೋಕಿಯಾ ಫೋನನ್ನು ಟಿವಿ ಅಥವಾ ಸ್ಪೀಕರ್ ಪಕ್ಕ ಇಟ್ಟಿದ್ದು ನೆನಪಿದೆಯಾ? ಕಾಲ್ ಬರುವ ಒಂದು ಕ್ಷಣ ಮೊದಲೇ ಸ್ಪೀಕರ್ "ಟಿಟ್-ಟಿ-ಟಿಟ್, ಟಿಟ್-ಟಿ-ಟಿಟ್" ಎನ್ನುತ್ತಿತ್ತು. ಆ ಮೇಲೆ ಫೋನ್ ರಿಂಗ್ ಆಗುತ್ತಿತ್ತು. 2ಜಿ ಫೋನ್ ಸೆಕೆಂಡಿಗೆ 217 ಸಲ ಸಿಗ್ನಲ್ ಆನ್-ಆಫ್ ಮಾಡುತ್ತದೆ, ಆ ಬಡಿತವನ್ನು ಸ್ಪೀಕರ್ ತಂತಿ ಹಿಡಿದುಕೊಳ್ಳುತ್ತದೆ. ಪೈಲಟ್ ಕಿವಿಯ ಹೆಡ್‌ಸೆಟ್‌ನಲ್ಲೂ ಇದೇ ಸದ್ದು ಬರಬಹುದು. ಇಳಿಯುವ ಹೊತ್ತಿಗೆ ಕಂಟ್ರೋಲ್ ಟವರ್ ಹೇಳುವ ಒಂದು ಸಂಖ್ಯೆಯ ಮೇಲೆ ಈ ಟಿಟ್-ಟಿಟ್ ಬಿದ್ದರೆ ವಿಮಾನ ಬೀಳುವುದಿಲ್ಲ, ಆದರೆ ಪೈಲಟ್ ಮತ್ತೊಮ್ಮೆ ಕೇಳಬೇಕಾಗುತ್ತದೆ. ಆ ಹೊತ್ತಿನಲ್ಲಿ ಯಾರಿಗೂ ಅದು ಬೇಡ, ಅಲ್ವಾ?

ಹೆಡ್‌ಸೆಟ್ ಬಿಟ್ಟರೆ ವಿಮಾನದಲ್ಲಿ ದಾರಿ ತೋರಿಸುವ, ರನ್‌ವೇಗೆ ನೇರ ಮಾಡುವ ರಿಸೀವರ್‌ಗಳಿವೆ. ಇವು ಬಹಳ ಸಣ್ಣ ಸಿಗ್ನಲ್ ಹಿಡಿಯುವ ಸೂಕ್ಷ್ಮ ಉಪಕರಣಗಳು. ಹಳೇ ವಿಮಾನಗಳನ್ನು ಕಟ್ಟಿದಾಗ ಒಳಗೆ ಕೂತ 180 ಜನರ ಜೇಬಿನಲ್ಲೂ ಒಂದೊಂದು ಟ್ರಾನ್ಸ್‌ಮಿಟರ್ ಇರುತ್ತದೆ ಎಂದು ಯಾರೂ ಎಣಿಸಿರಲಿಲ್ಲ. ಪರೀಕ್ಷೆ ಮಾಡಿರಲಿಲ್ಲ, ಆದ್ದರಿಂದ ಬೇಡ ಎಂದರು. ಪ್ರಯಾಣಿಕರ ಫೋನಿನಿಂದಲೇ ದೊಡ್ಡ ಪ್ರಯಾಣಿಕ ವಿಮಾನವೊಂದು ಬಿತ್ತು ಎಂದು ಯಾವ ತನಿಖೆಯಲ್ಲೂ ಸಾಬೀತಾಗಿಲ್ಲ. ಹಾಗಂತ ಭಯ ಪೂರ್ತಿ ಕಟ್ಟುಕಥೆಯೂ ಅಲ್ಲ. ಕೆಲವು ಬೋಯಿಂಗ್ 737 ಮತ್ತು 777 ವಿಮಾನಗಳ ಕಾಕ್‌ಪಿಟ್ ಪರದೆಗಳು ಪರೀಕ್ಷೆಯ ವೇಳೆ ವೈ-ಫೈ ಸಿಗ್ನಲ್‌ಗೆ ಮಿನುಗಿ ಖಾಲಿಯಾಗಿದ್ದು ಕಂಡುಬಂತು. 2014ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ 1,300ಕ್ಕೂ ಹೆಚ್ಚು ವಿಮಾನಗಳಲ್ಲಿ ಆ ಪರದೆಗಳನ್ನು ಬದಲಿಸಿ ಎಂದು ಆದೇಶ ಕೊಟ್ಟಿತು. ಬದಲಿಸಲು ಐದು ವರ್ಷ ಸಮಯವನ್ನೂ ಕೊಟ್ಟಿತು. ಅಂದರೆ ಅಪಾಯ ಇತ್ತು, ಆದರೆ ವಿಮಾನಗಳನ್ನು ಅಲ್ಲೇ ನಿಲ್ಲಿಸುವಷ್ಟು ಇರಲಿಲ್ಲ. ಈ ಇಡೀ ವಿಷಯದ ಅಳತೆ ಹೆಚ್ಚುಕಡಿಮೆ ಅಷ್ಟೇ.

ವಿಮಾನಗಳು ಸುಧಾರಿಸಿದಂತೆ ನಿಯಮಗಳೂ ಸಡಿಲವಾದವು. 2013ರ ಅಕ್ಟೋಬರ್‌ನಲ್ಲಿ ಎಫ್‌ಎಎ, ಹೊರಡುವಾಗ ಮತ್ತು ಇಳಿಯುವಾಗಲೂ ಫ್ಲೈಟ್ ಮೋಡ್‌ನಲ್ಲಿ ಫೋನ್ ಬಳಸಬಹುದು ಎಂದಿತು. 2014ರಲ್ಲಿ ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಕೂಡ ಫ್ಲೈಟ್ ಮೋಡ್ ಬಳಕೆಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಯುರೋಪಿನ ಸುರಕ್ಷತಾ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಏರ್‌ಲೈನ್ ತನ್ನ ವಿಮಾನವನ್ನು ಪರೀಕ್ಷಿಸಿ ತೋರಿಸಿದರೆ ಫ್ಲೈಟ್ ಮೋಡ್ ಇಲ್ಲದೆಯೂ ಬಿಡಬಹುದು ಎಂದಿತು.

ಮತ್ತೆ ಆ 5ಜಿ ಗಲಾಟೆ ಏನು?

2022ರ ಜನವರಿಯಲ್ಲಿ ಅಮೆರಿಕದಲ್ಲಿ ಹೊಸ 5ಜಿ ಶುರುವಾಗುವ ದಿನ ಏರ್ ಇಂಡಿಯಾ ಅಲ್ಲಿಗೆ ಹೋಗುವ ಕೆಲವು ವಿಮಾನಗಳನ್ನು ರದ್ದು ಮಾಡಿತ್ತು. ಇದು ಪ್ರಯಾಣಿಕರ ಫೋನಿನ ಕಥೆ ಅಲ್ಲ, ವಿಮಾನ ನಿಲ್ದಾಣದ ಸುತ್ತಲಿನ ಟವರ್‌ಗಳ ಕಥೆ. ವಿಮಾನದ ಹೊಟ್ಟೆಯಲ್ಲಿ ರೇಡಿಯೋ ಆಲ್ಟಿಮೀಟರ್ ಎಂಬ ಉಪಕರಣ ಇರುತ್ತದೆ. ನೆಲಕ್ಕೆ ಸಿಗ್ನಲ್ ಬಿಟ್ಟು, ಅದು ತಿರುಗಿ ಬರುವ ಹೊತ್ತು ಅಳೆದು, ಚಕ್ರ ನೆಲಕ್ಕೆ ಎಷ್ಟು ದೂರ ಎಂದು ಹೇಳುತ್ತದೆ. ದೇವನಹಳ್ಳಿಯ ಚಳಿಗಾಲದ ಮಂಜಿನಂಥ ಮಂಜಿನಲ್ಲಿ ಇಳಿಯುವಾಗ ಇದು ಬಹಳ ಮುಖ್ಯ. ಇದು ಕೆಲಸ ಮಾಡುವುದು 4.2ರಿಂದ 4.4 ಗಿಗಾಹರ್ಟ್ಸ್‌ನಲ್ಲಿ. ಅಮೆರಿಕದಲ್ಲಿ 5ಜಿಗೆ ಕೊಟ್ಟ ತರಂಗಾಂತರ 3.98ರವರೆಗೆ ಇತ್ತು, ತೀರಾ ಹತ್ತಿರ. ನಮ್ಮಲ್ಲಿ 5ಜಿ ಬಳಸುವುದು 3.3ರಿಂದ 3.67, ಅಂತರ ಜಾಸ್ತಿ. ಆದರೂ 2022ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ, ರನ್‌ವೇಯ ಎರಡೂ ತುದಿಯಿಂದ 2.1 ಕಿಮೀ ಒಳಗೆ ಮತ್ತು ರನ್‌ವೇ ನಡುಗೆರೆಯಿಂದ 910 ಮೀಟರ್ ಒಳಗೆ ಈ 5ಜಿ ಟವರ್ ಬೇಡ ಎಂದು ಕಂಪನಿಗಳಿಗೆ ಹೇಳಿತು.

ಹಾಗಾದರೆ ಕೆಲವು ವಿಮಾನಗಳಲ್ಲಿ ಕಾಲ್ ಹೇಗೆ ಹೋಗುತ್ತದೆ?

ಹೋಗುತ್ತದೆ, ಹೋಗಲು ಶುರುವಾಗಿ ಬಹಳ ವರ್ಷಗಳಾದವು. 2008ರ ಮಾರ್ಚ್‌ನಲ್ಲಿ ದುಬೈನಿಂದ ಕಾಸಾಬ್ಲಾಂಕಾಗೆ ಹೊರಟಿದ್ದ ಎಮಿರೇಟ್ಸ್ ವಿಮಾನದಲ್ಲಿ ಪ್ರಯಾಣಿಕರು ತಮ್ಮದೇ ಮೊಬೈಲಿನಿಂದ ಅಧಿಕೃತವಾಗಿ ಕಾಲ್ ಮಾಡಿದರು. ಅದಕ್ಕೂ ಮೊದಲು, 1980ರ ದಶಕದಿಂದಲೇ, ಅಮೆರಿಕದ ವಿಮಾನಗಳಲ್ಲಿ ಏರ್‌ಫೋನ್ ಎಂಬ ಫೋನುಗಳಿದ್ದವು. ಮುಂದಿನ ಸೀಟಿನ ಬೆನ್ನಿಗೆ ಸಿಕ್ಕಿಸಿದ್ದ ರಿಸೀವರ್, ಕ್ರೆಡಿಟ್ ಕಾರ್ಡ್ ಉಜ್ಜಿ ಮಾತಾಡಬೇಕು. ದುಬಾರಿ ಆಗಿದ್ದರಿಂದ ಬಳಸುವವರು ಕಡಿಮೆ. 2006ರಲ್ಲಿ ಆ ಸೇವೆ ನಿಂತಿತು.

ಎಮಿರೇಟ್ಸ್ ಮಾಡಿದ ಉಪಾಯ ಸರಳ. ಟವರ್ ದೂರ ಇದ್ದರೆ ತಾನೇ ಫೋನ್ ಕೂಗುವುದು? ಟವರನ್ನೇ ವಿಮಾನದೊಳಗೆ ತಂದಿಡೋಣ. ಪಿಕೋಸೆಲ್ ಎಂಬ ಪುಟ್ಟ ಟವರ್ ಕ್ಯಾಬಿನ್ನಿನಲ್ಲಿ ಇರುತ್ತದೆ. ಕೆಲವೇ ಮೀಟರ್ ದೂರ ಆದ್ದರಿಂದ ಎಲ್ಲ ಫೋನುಗಳೂ ಪಿಸುಮಾತಿಗೆ ಇಳಿಯುತ್ತವೆ. ಜೊತೆಗೆ ಇನ್ನೊಂದು ಪೆಟ್ಟಿಗೆ ಕ್ಯಾಬಿನ್ನಿನೊಳಗೆ ಸಣ್ಣ ಪ್ರಮಾಣದ ರೇಡಿಯೋ ಗದ್ದಲ ಹರಡುತ್ತದೆ. ಅದರಿಂದ ಕೆಳಗಿನ ಟವರ್‌ಗಳ ಸಿಗ್ನಲ್ ಫೋನಿಗೆ ಕಾಣಿಸುವುದೇ ಇಲ್ಲ. ಒಂದೇ ಏಟಿಗೆ ಎರಡು ತಕರಾರೂ ಮುಗಿದವು. ವಿಮಾನದ ಉಪಕರಣಕ್ಕೆ ಸಿಗ್ನಲ್ ಸಣ್ಣದಾಯಿತು, ನೆಲದ ಟವರ್‌ಗೆ ಕೂಗು ಕೇಳಿಸದಂತಾಯಿತು. 2022ರ ನವೆಂಬರ್‌ನಲ್ಲಿ ಯುರೋಪಿಯನ್ ಕಮಿಷನ್ ವಿಮಾನದಲ್ಲಿ 5ಜಿಗೆ ಒಪ್ಪಿಗೆ ಕೊಟ್ಟಿದ್ದೂ ಇದೇ ವ್ಯವಸ್ಥೆಗೆ. "ಫ್ಲೈಟ್ ಮೋಡ್ ಇನ್ನಿಲ್ಲ" ಎಂದು ಆಗ ಬಂದ ತಲೆಬರಹಗಳನ್ನು ನಂಬಿ ಯಾರೂ ಮೋಸ ಹೋಗಬಾರದು.

ಪಿಕೋಸೆಲ್‌ನಿಂದ ಮಾತು ವಿಮಾನದ ಬೆನ್ನ ಮೇಲಿನ ಆಂಟೆನಾಗೆ, ಅಲ್ಲಿಂದ ಉಪಗ್ರಹಕ್ಕೆ, ಅಲ್ಲಿಂದ ನೆಲದ ಸ್ಟೇಷನ್ನಿಗೆ ಹೋಗುತ್ತದೆ. ಹಳೇ ಬಗೆಯ ಉಪಗ್ರಹ ಇರುವುದು 35,786 ಕಿಮೀ ಮೇಲೆ. ಬೆಳಕಿನ ವೇಗದಲ್ಲೇ ಹೋದರೂ ಹತ್ತಿ ಇಳಿಯಲು ಕಾಲು ಸೆಕೆಂಡು. ನೀವು "ಊಟ ಆಯ್ತಾ" ಎಂದು ಕೇಳಿ, ಅವರ "ಹೂಂ" ನಿಮಗೆ ತಲುಪಲು ಅರ್ಧ ಸೆಕೆಂಡಿಗೂ ಹೆಚ್ಚು. ಅಷ್ಟರಲ್ಲಿ ನೀವು ಕೇಳಿಸಲಿಲ್ಲವೇನೋ ಎಂದು ಮತ್ತೆ "ಹಲೋ" ಎಂದಿರುತ್ತೀರಿ, ಇಬ್ಬರ ಮಾತೂ ಒಂದರ ಮೇಲೊಂದು ಬೀಳುತ್ತದೆ. ಸ್ಟಾರ್‌ಲಿಂಕ್‌ನಂಥ ಹೊಸ ಉಪಗ್ರಹಗಳು ಸುಮಾರು 550 ಕಿಮೀ ಮೇಲಿರುವುದರಿಂದ ಈ ತಡ ಗೊತ್ತೇ ಆಗುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಕತಾರ್ ಏರ್‌ವೇಸ್ ತನ್ನ ಬೋಯಿಂಗ್ 777ರಲ್ಲಿ ಸ್ಟಾರ್‌ಲಿಂಕ್ ವೈ-ಫೈ ಶುರು ಮಾಡಿತು. ವೈ-ಫೈ ಇಷ್ಟು ಚುರುಕಾದ ಮೇಲೆ ಪಿಕೋಸೆಲ್ ಕೂಡ ಬೇಕಿಲ್ಲ, ವಾಟ್ಸಾಪ್ ಕಾಲ್ ಸಾಕು. ಹೋಗದಿದ್ದರೆ ಬಹಳ ಸಲ ಅದಕ್ಕೆ ಕಾರಣ ಏರ್‌ಲೈನ್ ಬೇಕೆಂದೇ ತಡೆದಿರುವುದು.

ನಮ್ಮ ಕಾನೂನು ಏನು ಹೇಳುತ್ತದೆ?

ಬಹಳ ಜನರಿಗೆ ಆಶ್ಚರ್ಯ ಆಗಬಹುದು: ಭಾರತದಲ್ಲಿ ಇದಕ್ಕೆ ದಾರಿ 2018ರಲ್ಲೇ ತೆರೆದಿದೆ. ಆ ವರ್ಷದ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಶಿಫಾರಸು ಮಾಡಿತು, ಡಿಸೆಂಬರ್‌ನಲ್ಲಿ ವಿಮಾನ ಮತ್ತು ಹಡಗುಗಳ ಸಂಪರ್ಕ ನಿಯಮಗಳು ಬಂದವು. ಇವುಗಳ ಪ್ರಕಾರ ಲೈಸೆನ್ಸ್ ಪಡೆದ ಕಂಪನಿ ಭಾರತದ ಆಕಾಶದಲ್ಲಿ 3,000 ಮೀಟರ್ ಎತ್ತರದ ನಂತರ ಡೇಟಾ ಮಾತ್ರವಲ್ಲ, ವಾಯ್ಸ್ ಸೇವೆಯನ್ನೂ ಕೊಡಬಹುದು. ಕೆಳಗಿನ ಮೊಬೈಲ್ ನೆಟ್‌ವರ್ಕ್‌ಗೆ ತೊಂದರೆ ಆಗಬಾರದು ಎಂದೇ ಈ ಎತ್ತರದ ಗೆರೆ.

2020ರಲ್ಲಿ ಪೈಲಟ್ ಒಪ್ಪಿದರೆ ಹಾರುವಾಗ ವೈ-ಫೈ ಬಳಸಬಹುದು ಎಂದು ನಿಯಮ ತಿದ್ದಲಾಯಿತು. ಅದೇ ವರ್ಷ ವಿಸ್ತಾರ ಏರ್‌ಲೈನ್ ತನ್ನ ಬೋಯಿಂಗ್ 787ರಲ್ಲಿ ವೈ-ಫೈ ತಂದಿತು. 2024ರಲ್ಲಿ ಇನ್ನೊಂದು ತಿದ್ದುಪಡಿ ಬಂತು: ವಿಮಾನದಲ್ಲಿ ಎಲೆಕ್ಟ್ರಾನಿಕ್ ಉಪಕರಣ ಬಳಸಲು ಅನುಮತಿ ಇರುವಾಗ ಮಾತ್ರ ವೈ-ಫೈ ಇಂಟರ್ನೆಟ್. ಕಾನೂನು ಬಿಟ್ಟರೂ ನಮ್ಮ ಏರ್‌ಲೈನ್‌ಗಳು ಹಿಡಿದಿದ್ದು ವೈ-ಫೈ ದಾರಿಯನ್ನೇ.

ಅಮೆರಿಕದಲ್ಲಿ ಕಥೆ ಉಲ್ಟಾ. 2013ರಲ್ಲಿ ಎಫ್‌ಸಿಸಿ ತನ್ನ ಹಳೇ ನಿಷೇಧ ತೆಗೆಯಲು ಹೊರಟಿತು. ತಂತ್ರಜ್ಞಾನ ಬದಲಾಗಿದೆ, ಇನ್ನು ನಿಷೇಧಕ್ಕೆ ಅರ್ಥವಿಲ್ಲ ಎಂಬುದು ಅವರ ವಾದ. ಗಗನಸಖಿಯರ ಸಂಘಗಳು ಬೇಡವೇ ಬೇಡ ಎಂದವು, ಡೆಲ್ಟಾ ಏರ್‌ಲೈನ್ಸ್ ನೀವು ಬಿಟ್ಟರೂ ನಾವು ಬಿಡೆವು ಎಂದಿತು. 2018ರಲ್ಲಿ ಅಲ್ಲಿನ ಸಂಸತ್ತು, ವಿಮಾನದಲ್ಲಿ ಫೋನ್ ಮಾತು ನಿಷೇಧಿಸುವ ನಿಯಮ ಮಾಡಿ ಎಂದು ಸಾರಿಗೆ ಇಲಾಖೆಗೇ ಹೇಳಿತು. 2020ರಲ್ಲಿ ಎಫ್‌ಸಿಸಿ ತನ್ನ ಪ್ರಸ್ತಾಪ ಕೈಬಿಟ್ಟಿತು. ಇಂಜಿನಿಯರ್‌ಗಳು ಪರಿಹಾರ ಕೊಟ್ಟ ಮೇಲೂ ನಿಷೇಧ ಉಳಿದುಕೊಂಡಿತು.

ಉಳಿದಿದ್ದು ಪಕ್ಕದ ಸೀಟು

ಬೆಂಗಳೂರಿನಲ್ಲಿ ವಿಮಾನ ಇಳಿದು ರನ್‌ವೇಯಿಂದ ಆಚೆ ತಿರುಗಿದ ಕೂಡಲೇ ಏನಾಗುತ್ತದೆ ನೋಡಿ. "ಹಲೋ, ಹಾಂ, ಲ್ಯಾಂಡ್ ಆಯ್ತು. ಇಲ್ಲ ಇಲ್ಲ, ಇನ್ನೂ ಒಳಗೇ ಇದೀನಿ. ಲಗೇಜ್ ಬರಬೇಕು. ನೀನು ಎಲ್ಲಿದೀಯ? ಪಾರ್ಕಿಂಗ್ ಹತ್ರನೇ ನಿಂತ್ಕೋ." ಮೂರು ಸಾಲು ಹಿಂದೆ ಇನ್ನೊಬ್ಬರು ಹಿಂದಿಯಲ್ಲಿ ಕ್ಯಾಬಿಗೆ ಓಟಿಪಿ ಹೇಳುತ್ತಿರುತ್ತಾರೆ, ಕಿಟಕಿ ಪಕ್ಕದವರು ತೆಲುಗಿನಲ್ಲಿ ಅಮ್ಮನಿಗೆ ಮಳೆ ವರದಿ ಕೊಡುತ್ತಿರುತ್ತಾರೆ. ಹತ್ತು ನಿಮಿಷದ ಮಾತು, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇದೇ ದೆಹಲಿಯವರೆಗೆ ಎರಡೂಮುಕ್ಕಾಲು ಗಂಟೆ ನಡೆದರೆ? ಅಥವಾ 2021ರಲ್ಲಿ ಶುರುವಾದ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋದಂಥ ಹದಿನಾರು–ಹದಿನೇಳು ಗಂಟೆಯ ಪಯಣದಲ್ಲಿ?

ವಿಮಾನದಲ್ಲಿ ಎಂಜಿನ್ ಸದ್ದಿಗೆ ಜನ ತಮಗೆ ಗೊತ್ತಿಲ್ಲದೆಯೇ ಜೋರಾಗಿ ಮಾತಾಡುತ್ತಾರೆ. ಎದ್ದು ಬೇರೆ ಕಡೆ ಹೋಗಲು ಜಾಗವಿಲ್ಲ. ಜೊತೆಗೆ ಫೋನ್ ಮಾತಿಗೆ ಒಂದು ವಿಚಿತ್ರ ಗುಣ ಇದೆ. ಪಕ್ಕದಲ್ಲಿ ಇಬ್ಬರು ಮಾತಾಡುತ್ತಿದ್ದರೆ ಅದನ್ನು ಮರೆತು ನಮ್ಮ ಕೆಲಸ ಮಾಡಬಹುದು. ಒಬ್ಬರ ಮಾತು ಮಾತ್ರ ಕೇಳಿಸಿದರೆ ಆಗುವುದಿಲ್ಲ. ಆ ಕಡೆಯವರು ಏನೆಂದರು ಎಂದು ಮನಸ್ಸು ಊಹಿಸುತ್ತಲೇ ಇರುತ್ತದೆ. 2010ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ ತೋರಿಸಿದ್ದೂ ಇದನ್ನೇ: ಪೂರ್ತಿ ಸಂಭಾಷಣೆಗಿಂತ ಅರ್ಧ ಸಂಭಾಷಣೆ ಗಮನವನ್ನು ಜಾಸ್ತಿ ಕೆಡಿಸುತ್ತದೆ.

ಬೇಕು ಎನ್ನುವವರ ಮಾತಿನಲ್ಲೂ ಹುರುಳಿದೆ. ಆಸ್ಪತ್ರೆಯಲ್ಲಿ ಮನೆಯವರಿದ್ದಾಗ ಮೆಸೇಜ್ ಸಾಲುವುದಿಲ್ಲ. ಮೊಮ್ಮಗು ನೋಡಲು ಮೊದಲ ಸಲ ಅಮೆರಿಕಕ್ಕೆ ಹೊರಟ ಅಜ್ಜಿಗೆ ಟೈಪ್ ಮಾಡುವುದು ಕಷ್ಟ, ಮಾತು ಸುಲಭ. ರೈಲು, ಬಸ್ಸಿನಲ್ಲಿ ಇರುವ ಸೌಲಭ್ಯ ವಿಮಾನದಲ್ಲಿ ಯಾಕಿಲ್ಲ ಎಂದೂ ಕೇಳುತ್ತಾರೆ.

ಆದರೆ ರೈಲು, ಬಸ್ಸಿನಲ್ಲೂ ಈಗ ಲಗಾಮು ಬಿದ್ದಿದೆ. 2021ರ ನವೆಂಬರ್‌ನಲ್ಲಿ, ಹೈಕೋರ್ಟ್ ಸೂಚನೆಯ ನಂತರ, ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಮೊಬೈಲ್ ಸ್ಪೀಕರ್ ಹಾಕಿ ಹಾಡು, ವಿಡಿಯೋ ಕೇಳುವುದನ್ನು ನಿಷೇಧಿಸಿತು. ಹೇಳಿದರೂ ಕೇಳದಿದ್ದರೆ ಕಂಡಕ್ಟರ್ ಇಳಿಸಬಹುದು. 2022ರಲ್ಲಿ ರೈಲ್ವೆ ಇಲಾಖೆ, ರಾತ್ರಿ ಹತ್ತರ ನಂತರ ಫೋನಿನಲ್ಲಿ ಜೋರು ಮಾತು ಬೇಡ ಎಂದಿತು. ವಿಮಾನದಲ್ಲಿ ಕೇಳದವರನ್ನು ಮಧ್ಯದಲ್ಲಿ ಇಳಿಸಲಾಗುವುದಿಲ್ಲ. ಜಗಳ ಬಿಡಿಸುವ ಕೆಲಸವೂ ಗಗನಸಖಿಯರ ತಲೆಗೇ. ಅವರ ಸಂಘಗಳ ವಿರೋಧಕ್ಕೆ ಇದೂ ಒಂದು ಕಾರಣ, ಮತ್ತು ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸುವ ಕಾರಣ.

ನಡುದಾರಿಗಳೂ ಇವೆ. ಪಿಕೋಸೆಲ್ ವ್ಯವಸ್ಥೆಯಲ್ಲಿ ವಾಯ್ಸ್ ಮಾತ್ರ ಆಫ್ ಮಾಡಿ ಎಸ್‌ಎಂಎಸ್, ಡೇಟಾ ಬಿಡಬಹುದು. 2009ರಲ್ಲಿ ಬ್ರಿಟಿಷ್ ಏರ್‌ವೇಸ್ ಲಂಡನ್ ಸಿಟಿ–ನ್ಯೂಯಾರ್ಕ್ ವಿಮಾನದಲ್ಲಿ ಮಾಡಿದ್ದೇ ಅದು. ರಾತ್ರಿ ದೀಪ ಆರಿಸಿದ ಮೇಲೆ ಮಾತ್ರ ವಾಯ್ಸ್ ಬಂದ್ ಮಾಡುವುದೂ ಸಾಧ್ಯ.

ಸದ್ಯಕ್ಕೆ ನೀವು ಏನು ಮಾಡಬಹುದು?

ದೇಶದೊಳಗಿನ ವಿಮಾನದಲ್ಲಿ ವೈ-ಫೈ ಇದ್ದರೆ ಮೊದಲು ಫ್ಲೈಟ್ ಮೋಡ್ ಹಾಕಿ, ಆಮೇಲೆ ವೈ-ಫೈ ಆನ್ ಮಾಡಿ. ಮೆಸೇಜ್ ಹೋಗುತ್ತದೆ. ತುರ್ತಾಗಿ ದನಿಯಲ್ಲೇ ಹೇಳಬೇಕಿದ್ದರೆ ಬಾಯಿ ಹತ್ತಿರ ಹಿಡಿದು ಮೆಲ್ಲಗೆ ವಾಯ್ಸ್ ನೋಟ್ ಕಳಿಸಬಹುದು.

ವಿದೇಶಿ ಏರ್‌ಲೈನ್‌ನಲ್ಲಿ ಹೋಗುವವರಿಗೆ ಜಿಯೋ 2020ರಲ್ಲಿ ₹499ರಿಂದ, ಏರ್‌ಟೆಲ್ 2024ರಲ್ಲಿ ₹195ರಿಂದ ಶುರುವಾಗುವ ವಿಮಾನದ ಪ್ಯಾಕ್‌ಗಳನ್ನು ತಂದವು. ಇವುಗಳಲ್ಲಿ ಡೇಟಾ, ಎಸ್‌ಎಂಎಸ್ ಜೊತೆ ಹೊರಹೋಗುವ ಕಾಲ್‌ಗಳೂ ಇವೆ. ಆದರೆ ಆ ಏರ್‌ಲೈನ್ ವಾಯ್ಸ್ ಬಿಟ್ಟಿದ್ದರೆ ಮಾತ್ರ ಕಾಲ್ ಹೋಗುತ್ತದೆ. ಪ್ಯಾಕ್ ಬೆಲೆ ಬದಲಾಗುತ್ತಿರುತ್ತದೆ, ಹೊರಡುವ ಮೊದಲು ಆಪ್‌ನಲ್ಲಿ ನಿಮ್ಮ ಏರ್‌ಲೈನ್ ಹೆಸರು ಪಟ್ಟಿಯಲ್ಲಿದೆಯಾ ನೋಡಿಕೊಳ್ಳಿ. ಪ್ಯಾಕ್ ಹಾಕಿಸಿಲ್ಲ, ಇಂಟರ್‌ನ್ಯಾಷನಲ್ ರೋಮಿಂಗ್ ಮಾತ್ರ ಆನ್ ಇದೆ ಎಂದಾದರೆ ಇಂಥ ವಿಮಾನದಲ್ಲಿ ಫ್ಲೈಟ್ ಮೋಡ್ ಮರೆಯಲೇಬೇಡಿ. ನಿಮ್ಮ ಫೋನ್ ತಾನಾಗೇ ಪಿಕೋಸೆಲ್ ಹಿಡಿದು, ನೀವು ನಿದ್ದೆ ಮಾಡುವಾಗ ಹಿನ್ನೆಲೆಯಲ್ಲಿ ಫೋಟೋ ಬ್ಯಾಕಪ್ ಶುರು ಮಾಡಿದರೆ, ಅದರ ಬಿಲ್ ವಿಮಾನದ ರೋಮಿಂಗ್ ದರದಲ್ಲಿ ಬರುತ್ತದೆ.